ಎರಡು ಎಲೆ ಬಿಟ್ಟು

ಸಕ್ಕರೆ ಕಾರ್ಖಾನೆಯ ಕೆಮಿಸ್ಟು ವರ್ಗವಾಗಿ ಹೋಗುವಾಗ
ಮನೆಯ ಪಂಪಿನ ರಿಪೇರಿ ಬಾಕಿಗೆ ಬದಲು
ಈ ಕುಂಡ ಇಟ್ಟು ಹೋದ.
ಜಪಾನಿನ ಮೇಪಲ್. ಮೊಳಕ್ಕಿಂತ ಎತ್ತರ ಬಿಡಬೇಡಿ ಎಂದ.
ನಮ್ಮವರು ಗೊಣಗಿದರು:
"ದುಡ್ಡಿಗೆ ಗಿಡ ಕೊಟ್ಟ, ಅದೂ ಬೆಳೀಬಾರದ ಗಿಡ."

ಅಂದಿನಿಂದ ವೈಂಡಿಂಗ್ ಅಂಗಡಿಯ ಹಿಂದೆ
ನೀರಿನ ತೊಟ್ಟಿಯ ನೆರಳಲ್ಲಿ ಅದರ ಬಿಡಾರ.
ಮಂಡ್ಯದ ಏಪ್ರಿಲ್ಲಿಗೆ ಎಲೆಯ ತುದಿಯೆಲ್ಲ
ಒಗ್ಗರಣೆಗೆ ಬಿದ್ದ ಕರಿಬೇವು.
ಶ್ರಾವಣಕ್ಕೆ ಮತ್ತೆ ಚಿಗುರು: ಪುಟ್ಟ ಪುಟ್ಟ ಅಂಗೈ,
ಒಂದೊಂದಕ್ಕೂ ಏಳು ಬೆರಳು.

ಕಲಿತದ್ದು ಕೈಯಿಂದಲೇ.
ಎರಡೆಲೆ ಎದುರುಬದುರು ಬಿಚ್ಚಿಕೊಳ್ಳುವಾಗ
ನಡುವೆ ಏಳುವುದನ್ನು, ಅದು ಕಣ್ಣು ಬಿಡುವ ಮೊದಲೇ,
ಉಗುರಲ್ಲಿ ಚಿವುಟಬೇಕು.
ತಡವಾದರೆ ಕತ್ತರಿ.
ಮೋಟಾರಿನ ಸುರುಳಿಗೆ ಸುತ್ತು ಎಣಿಸಿ ಎಣಿಸಿ
ಪಳಗಿದ ಬೆರಳು ಇಲ್ಲೂ ತಾನೇ ಎಣಿಸುತ್ತದೆ:
ನಲವತ್ತೊಂದು, ನಲವತ್ತೆರಡು.
ಬಾಗದ ಕೊಂಬೆಗೆ ಸುಟ್ಟ ಪಂಪಿನ ತಾಮ್ರದ ತಂತಿ.
ಒಮ್ಮೆ ಉರಿದ ತಾಮ್ರ ಹೇಳಿದ ಹಾಗೆ ಕೇಳುತ್ತದೆ,
ಹೊಸದಕ್ಕೆ ಸೆಡವು.

"ಬೆಳ್ಯೋ ಕುಡೀನ ಚಿವುಟ್ತೀಯಲ್ಲವ್ವ, ಪಾಪ ಸುತ್ಕೊಳಾಕಿಲ್ವಾ?"
ಪಕ್ಕದ ಮನೆ ದೇವೀರಮ್ಮ.
"ಕುಂಬಳದ ಕುಡಿ ಸಾರಿಗೆ ಎರಡು ಮುದ್ದೆ ಉಂಡ್ಯಲ್ಲ,
ಆಗ ಕೇಳ್ನಿಲ್ಲ" ಅಂದೆ.
ನಕ್ಕೆವು. ಆದರೂ ಆ ಮಾತು
ಹಲ್ಲಿಗೆ ಸಿಕ್ಕ ಕಲ್ಲು.

ಹೋದ ವರ್ಷ ಗರ್ಭಕೋಶ ತೆಗೆಸಿಕೊಂಡು
ಎರಡು ತಿಂಗಳು ಮಲಗಿದ್ದೆ. ಬಗ್ಗಬೇಡಿ ಅಂದಿದ್ದರು.
ಎದ್ದು ಬಂದರೆ
ತಲೆ ಬಾಚದ ಹುಡುಗಿಯ ಹಾಗೆ ಮರ.
ಒಂದು ಕುಡಿಯಂತೂ ಕಿಟಕಿಯ ಸರಳು ದಾಟಿ
ಒಳಗೆ, ವಾರ್ನಿಶ್ ಡಬ್ಬದ ಮೇಲೆ,
ಏನೋ ಕೇಳಲು ಬಂದಂತೆ.

"ಅದೊಂದನ್ನಾದರೂ ಬುಡು" ಅಂದರು ಇವರು.
ಒಂಬತ್ತು ದಿನ ಬಿಟ್ಟೆ.
ಹತ್ತನೆಯ ದಿನ ಬುಡ ನೋಡಿದೆ:
ಗದ್ದೆಯ ಕೆಸರಲ್ಲಿ ನಾಟಿ ಹಾಕಿ ಹಾಕಿ
ಅಗಲವಾದ ಪಾದ.
ಹನ್ನೊಂದು ವರ್ಷದ ನನ್ನ ಕತ್ತರಿ ಗುರುತುಗಳೆಲ್ಲ
ತೊಗಟೆ ಹೊದ್ದು, ತುಟಿಯಂತೆ ಕೂಡಿಕೊಂಡಿವೆ.
ಬೆಳೆದಿಲ್ಲ ಅಂದವರು ಯಾರು?

ಎರಡು ಎಲೆ ಬಿಟ್ಟು ಕತ್ತರಿಸಿದೆ.
ಗಾಯಕ್ಕೆ ಚಿಟಿಕೆ ಅರಿಶಿನ.
ಆಮೇಲೆ ನಿಧಾನಕ್ಕೆ ಬಗ್ಗಿ
ಬಿದ್ದ ಕುಡಿ ಎತ್ತಿ ಟೀ ಲೋಟದ ನೀರಿಗಿಟ್ಟೆ.
ಬೇರು ಬಿಡಲ್ಲ ಅಂತ ಗೊತ್ತು.

ವೈಂಡಿಂಗ್ ಮೇಜಿನ ಮೇಲೆ ನಾಲ್ಕು ದಿನ ಇತ್ತು.
ಆ ನಾಲ್ಕು ದಿನದಲ್ಲಿ ಎರಡು ಸಲ
ಸುತ್ತಿನ ಲೆಕ್ಕ ತಪ್ಪಿತು.