ಸೊನ್ನೆಯ ಹೊರಗೆ

ಹನ್ನೊಂದು ಸಾವಿರ ಚೀಟಿ, ಎರಡೇ ಮತದ ಅಂತರ.
ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮಡಚುವ ಮೇಜು ಹಾಕಿ
ಮೂರು ದಿನ ಮತ್ತೆ ಎಣಿಸಿದೆವು,
ನಾನು, ಗ್ರಂಥಾಲಯದ ವರ್ನಾ, ಕೈ ನಡುಗುವ ಎಮಿಲ್.

ಈ ಒಂದು ಕುರ್ಚಿ ಯಾರಿಗೋ ಅವರಿಗೇ ರಾಜ್ಯವಂತೆ.
ಅದಕ್ಕೇ ರಾಜಧಾನಿಯಿಂದ ಬಂದರು ವಕೀಲರು,
ತೆಳು ಅಟ್ಟೆಯ ಬೂಟಿನಲ್ಲಿ.
ಅಯೋವಾದ ಹಿಮಕ್ಕೆ ಪಕ್ಷಭೇದವಿಲ್ಲ;
ಒಂದೇ ಮೆಟ್ಟಿಲಲ್ಲಿ ಇಬ್ಬರೂ ಜಾರಿದರು.

ಕೊನೆಯ ಸಂಜೆ ಸಿಕ್ಕಿತು ಆ ಚೀಟಿ:
ಡೋಸ್ತಲ್ ಮುಂದಿನ ಸೊನ್ನೆ ಖಾಲಿ,
ಹಾಗೆನ್ ಮುಂದಿನದೂ ಖಾಲಿ,
ಅಂಚಿನಲ್ಲಿ ಪೆನ್ಸಿಲ್ ಒತ್ತಿ ಬರೆದದ್ದು:
'ಮೊದಲು ಹಳ್ಳದ ಸೇತುವೆ ರಿಪೇರಿ ಮಾಡಿ.'

ಸೇತುವೆಯ ಮಾತೆತ್ತಿದ್ದು ಹಾಗೆನ್, ಇದು ನಮ್ಮದು, ಎಂದ ಒಬ್ಬ.
'ಮೊದಲು' ಅನ್ನುವುದು ಡೋಸ್ತಲ್ ಘೋಷಣೆ, ಎಂದಳು ಇನ್ನೊಬ್ಬಳು.
ಎತ್ತು ಏರಿಗೆ, ಕೋಣ ನೀರಿಗೆ.
ನಮ್ಮ ಕಾಫಿ ಆರಿತು.

ಆ ಕೊಕ್ಕೆ ಅಕ್ಷರ ನನಗೆ ಗೊತ್ತು.
ನಮ್ಮ ಕೊಟ್ಟಿಗೆಯ ಹಾಲು ಒಯ್ಯುವ ಆರ್ಲೋ
ದಿನಾ ಬರೆದುಕೊಡುವ ರಶೀದಿಯದು.
ಸೇತುವೆ ಭಾರ ತಡೆಯದೆಂದು ಫಲಕ ನೆಟ್ಟ ಮೇಲೆ
ಹೋಗುತ್ತ ಒಂಬತ್ತು ಮೈಲಿ ಸುತ್ತು, ಬರುತ್ತ ಒಂಬತ್ತು.
ನಾನು ಹೇಳಲಿಲ್ಲ. ಹೇಳುವಂತಿಲ್ಲ.

ಕೆಂಪು ಮುದ್ರೆ ಒತ್ತಿದೆ: ಅಸಿಂಧು.

ಗೆದ್ದವಳ ಹಲಗೆ, ಸೋತವನ ಹಲಗೆ
ಎಲ್ಲರ ಅಂಗಳದಲ್ಲೂ ಹೆಪ್ಪುಗಟ್ಟಿದ ನೆಲ ಕಚ್ಚಿ ನಿಂತಿವೆ,
ಮಾರ್ಚ್‌ವರೆಗೆ ಕೀಳಲು ಬರುವುದಿಲ್ಲ.

ಬೆಳಿಗ್ಗೆ ಲಾರಿ ತಡವಾಗಿ ಬಂತು.
'ಯಾರು ಗೆದ್ದರು?' ಕೇಳಿದ ಆರ್ಲೋ, ಪೈಪು ಜೋಡಿಸುತ್ತ.
ಹೇಳಿದೆ.
'ಹ್ಞೂಂ' ಅಂದ.
ರಶೀದಿ ಹರಿದು ಕೊಟ್ಟು, ಗೇರ್ ಹಾಕಿ,
ಸುತ್ತುದಾರಿ ಹಿಡಿದ.