ಎಮ್ಮಿನ ಒಂದು ಕಾಲು

ಮೇ ತಿಂಗಳ ಮೊದಲ ವಾರ, ವರ್ಷವೂ ಇಲ್ಲೇ ಕೆಲಸ:
ಮರೋಳದ ಹಿಂದೆ, ಮೆಟ್ರೋ ಕಂಬಗಳ ಕಾಲಸಂದಿಯಲ್ಲಿ
ಹೇಗೋ ಉಳಿದ ಉಂಬರ್‌ಪಾಡಾ. ಮೂವತ್ತು ಮನೆ, ಒಂದು ಬಾವಿ,
ಬಾವಿಗೆ ಜಾಲರಿ. ಮೂಲೆಯಲ್ಲಿ ಪ್ಲೇಗಿನ ಶಿಲುಬೆ.

ಮೊದಲು ಸುಣ್ಣ. ಒಣಗಿದ ಮೇಲೆ ಕರಿಬಣ್ಣ, ಎರಡನೇ ನಂಬರಿನ ಕುಂಚ.
ಹನ್ನೊಂದು ಹೆಸರು, ಒಂದು ಇಸವಿ. ಕಲ್ಲಲ್ಲಿ ಕೊರೆದದ್ದನ್ನು
ಮಳೆ ನೆಕ್ಕುತ್ತದೆ; ನಾನು ತುಂಬುತ್ತೇನೆ.
ಲಕ್ಷ್ಮೇಶ್ವರದವನು. ಲಾರಿಯ ಬೆನ್ನಿಗೆ ಹದ್ದು, ತಾವರೆ,
ಹೋಟೆಲಿನ ಗೋಡೆಗೆ ಇಡ್ಲಿ-ವಡೆ ಬರೆದ ಕೈ.
ಇಂಗ್ಲಿಷು ನನಗೆ ಅರ್ಧ ಅಕ್ಷರ, ಅರ್ಧ ಚಿತ್ರ.

ಎರ್ಮೆಲಿಂಡಾ ಬಾಯಿ ಜಗಲಿಯಲ್ಲಿ ಕೂತು
ಬಾಟಲಿ ಮಸಾಲೆಗೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ
ನೋಡುತ್ತಿದ್ದಳು. ಘಾಟಿಗೆ ನಾನು ಸೀನಿದರೆ
"ಹೆಸರಿನ ಮೇಲೆ ಬೇಡ" ಅನ್ನುವಳು. ಅಷ್ಟೇ ಮಾತು.

ಈ ಸಲ ಅವಳಿಲ್ಲ. ಸಂರಕ್ಷಣಾ ಸಮಿತಿ ಇದೆ.
ಬೋನಿಫಾಸ್ ಕಿನ್ನಿಯ ಮೊಮ್ಮಗ, ಕೊರಳಲ್ಲಿ ಕ್ಯಾಮರಾ,
ಕೈಯಲ್ಲಿ ಇಗರ್ಜಿಯ ಹಳೇ ದಫ್ತರದ ಜೆರಾಕ್ಸು:
"ಅಂಕಲ್, ಈ ನಾರ್ತಾ ಯಾರು? ಇದರಲ್ಲಿ ಇಲ್ಲವೇ ಇಲ್ಲ.
ಇರೋದು ಮಾರ್ತಾ. ಏಳು ವರ್ಷ. ಊರಾಚೆಯ ಗುಡಿಸಲಲ್ಲಿ ಸತ್ತದ್ದು.
ಎರ್ಮೆಲಿಂಡಾ ಅಜ್ಜಿಗೆ ಅಜ್ಜಿಯ ಅಕ್ಕ."

ಕುಂಚ ನಿಂತಿತು.
ಇಪ್ಪತ್ತಾರು ವರ್ಷದ ಹಿಂದೆ, ಮೊದಲ ಸಲ ಬಂದಾಗ
ಅಲ್ಲಿ ಕಲ್ಲು ಚಕ್ಕೆ ಎದ್ದಿತ್ತು. ಎಮ್ಮೋ ಎನ್ನೋ,
ಕಂಡಷ್ಟು ಬರೆದೆ. ಒಂದು ಕಾಲು ನನ್ನ ಕೈಯಿಂದ ಹೋಯಿತು.
ಆಮೇಲೆ ಪ್ರತಿ ಮೇ ತಿಂಗಳೂ ಅದೇ ತಪ್ಪನ್ನು
ತೀಡಿ ತೀಡಿ ಅಂದ ಮಾಡಿದೆ.
ಈಗ ಅದು ನಾರ್ತಾ ಗಲ್ಲಿ, ರಿಕ್ಷಾದವರಿಗೂ ಗೊತ್ತು.
ಸಂಜೆ ಜಪಸರಕ್ಕೆ ಸೇರುವ ಮಕ್ಕಳು
ಹುಟ್ಟಿಯೇ ಇರದ ನಾರ್ತಾಳಿಗೂ ಶಾಂತಿ ಬೇಡುತ್ತಾರೆ.

ಮುದುಕಿಗೆ ಗೊತ್ತಿತ್ತೆ?
ಕೂಲಿ ಎಣಿಸುವಾಗ ಒಮ್ಮೆ "ಓದು ನೋಡೋಣ" ಅಂದಿದ್ದಳು.
ಹಸಿಬಣ್ಣಕ್ಕೆ ತಾಗದ ಹಾಗೆ ಬೆರಳು ಹಿಡಿದು
ಕೂಡಿಸಿ ಕೂಡಿಸಿ ಹನ್ನೊಂದೂ ಓದಿದೆ.
ಆರನೆಯದಕ್ಕೆ ತೊಟ್ಟು ಮುರಿಯುವುದು ತಡೆಯಿತು, ಮತ್ತೆ ನಡೆಯಿತು.
ಹತ್ತು ರೂಪಾಯಿ ಹೆಚ್ಚು ಕೊಟ್ಟಳು.

ಚಾಕುವಿನ ತುದಿಯಿಂದ ಕೆರೆಯುತ್ತೇನೆ. ಸುಣ್ಣ, ಕಪ್ಪು, ಸುಣ್ಣ, ಕಪ್ಪು,
ನನ್ನ ವರ್ಷಗಳೇ ಹುಡಿಯಾಗಿ ಮಡಿಲಿಗೆ ಬೀಳುತ್ತವೆ.
ಕೊನೆಗೆ ಉಗುರಿಗೆ ಸಿಕ್ಕಿತು
ಕೂದಲೆಳೆಯಷ್ಟು ಗೀರು: ಕಾಲಿನ ಬುಡ.

"ಗ್ರಾನೈಟಿನಲ್ಲಿ ಯಾವುದನ್ನ ಕೆತ್ತಿಸೋದು?" ಹುಡುಗ ಕೇಳುತ್ತಾನೆ.
ಮೊದಲು ಸುಣ್ಣ ಒಣಗಲಿ, ಅಂದೆ.