ಷರಾ

ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ
ಶಿಡ್ಲಘಟ್ಟ ಅಂಗೈಯಷ್ಟು.
ಬಣ್ಣ ಹಚ್ಚಿದವರು ಯಾರೋ, ಇಲ್ಲಿಯವರಲ್ಲ:
ಕೆರೆಯಲ್ಲಿರುವುದಕ್ಕಿಂತ ನೀಲಿ ಹೆಚ್ಚಾಗಿದೆ.

ಹಳದಿ ಇದ್ದ ಕಡೆ ಈಗ ಕಿತ್ತಳೆ.
ಹಳದಿ ಅಂದರೆ ಮನೆ. ಕಿತ್ತಳೆ ಅಂದರೂ ಮನೆಯೇ,
ಆದರೆ ಮನೆಯ ಮೇಲೆ ಮನೆ, ಅದರ ಮೇಲಿನ್ನೊಂದು,
ಇಪ್ಪತ್ತು ಮೂವತ್ತರ ಸೈಟಿನಲ್ಲಿ ನಾಲ್ಕು ಒಲೆ,
ಬಾಡಿಗೆ ಕೈಗೆಟುಕಲಿ ಅಂತ.
ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ
ನಗರಸಭೆಯ ಎರಡನೇ ಕಿಟಕಿಯಲ್ಲಿ.
ಎರಡನೇ ಕಿಟಕಿ ನಾನು.

ಮೊದಲು ಬಂದವರು ಪಿಳ್ಳವೆಂಕಟಪ್ಪನವರು.
ರಿಟೈರಾದ ಡ್ರಾಯಿಂಗ್ ಮೇಷ್ಟ್ರು.
ಕನ್ನಡಕ ಏರಿಸಿ, ಗೆರೆಯಲ್ಲೇ ತಪ್ಪು ಹಿಡಿದರು.
'ಇದು ರಸ್ತೆಯಲ್ಲಮ್ಮ, ರಾಜಕಾಲುವೆ.
ಮಳೆ ಹುಯ್ದ ದಿನ ಬಂದು ನಿಂತು ನೋಡಲಿ.
ನಮ್ಮನ್ನ ಒಂದು ಮಾತು ಕೇಳಬೇಡವೇ?'
ಕೇಳಬೇಕಿತ್ತು.
ಬರೆದುಕೊಂಡೆ: ಕ್ರಮ ಸಂಖ್ಯೆ ಒಂದು.

ಏಳು: ನಲ್ಲಿ ಬರುವುದೇ ಎಂಟು ದಿನಕ್ಕೊಮ್ಮೆ,
ನಾಲ್ಕು ಒಲೆಗೆ ಎಷ್ಟು ದಿನಕ್ಕೊಮ್ಮೆ?
ಹತ್ತೊಂಬತ್ತು: ಬಿಸಿಲು ಬೀಳದಿದ್ದರೆ ಹಪ್ಪಳ ಎಲ್ಲಿ ಒಣಹಾಕಲಿ?
ನಿಜ, ಎಲ್ಲ ನಿಜ.
ಮೂವತ್ತು ದಾಟಿದ ಮೇಲೆ ಒಂದೇ ಜೆರಾಕ್ಸು, ಸಹಿ ಮಾತ್ರ ಬೇರೆ:
'ನಮ್ಮ ಬೀದಿಯ ವಾತಾವರಣ ಕೆಡುತ್ತದೆ.'

ವಾತಾವರಣ ಅಂದರೆ ಏನು ಸಾರ್, ಎಂದೆ ಚೌಡರೆಡ್ಡಿಯವರಿಗೆ.
ನಕ್ಕರು. 'ನಿಮಗೆ ಗೊತ್ತಿಲ್ಲವೇ.'

ಗೊತ್ತಿದೆ.
ನಾನು ಮನೆ ಹುಡುಕಿದ ವರ್ಷ
ಹೆಸರು ಹೇಳಿದ ಮೇಲೆ ಊರು ಕೇಳಿದರು,
ಊರು ಹೇಳಿದ ಮೇಲೆ ಕೇರಿ.
ಕೇರಿ ಹೇಳುವುದರೊಳಗೆ
ಖಾಲಿಯಿದ್ದ ಮನೆ ಭರ್ತಿಯಾಗಿತ್ತು.

ಇಪ್ಪತ್ತೊಂಬತ್ತನೇ ದಿನ, ಊಟದ ಹೊತ್ತಿಗೆ, ರುಕಿಯಾ ತಾಜ್.
ಫಿಲೇಚರಿನ ಬಿಸಿನೀರಲ್ಲಿ ಬೆಂದ ಬೆರಳು ಬೆಳ್ಳಗೆ, ಸುಕ್ಕು ಸುಕ್ಕು.
ಅವಳ ಜೊತೆ ಒಳಬಂದ ಹುಳದ ವಾಸನೆಗೆ
ಮೂರನೇ ಕಿಟಕಿ ಮೂಗು ಮುಚ್ಚಿತು.
'ನಾಲ್ಕು ಮಾಳಿಗೆ ಆಗಲಿ ಅಂತ ಬರಕೊಳ್ಳಿ ಮೇಡಂ.
ಒಂದು ರೂಮು, ಏಳು ಜನ.
ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು.'
ಅದು ಆಕ್ಷೇಪಣೆ ಅಲ್ಲ, ಎಂದೆ.
'ಮತ್ತೇನದು?'

ಫಾರಂ ತಿರುವಿ ನೋಡಿದೆ.
ಬೇಕು ಅನ್ನುವವರಿಗೆ ಕಾಲಂ ಇಲ್ಲ.
ಬೇಡ ಅನ್ನಲಿಕ್ಕೂ ಖಾತೆ ಸಂಖ್ಯೆ ಕಡ್ಡಾಯ.

'ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ
ನೂಲು ಬಿಚ್ಚೋದಿಲ್ಲ ಮೇಡಂ.
ಜೋಡಿಗೂಡು ಅಂತ ಆರಿಸಿ ಪಕ್ಕಕ್ಕೆ ಎಸೀತೀವಿ.
ನಾವು ಏಳು.'
ಅಂದು, ತಾನೇ ನಕ್ಕು, ಶಿಫ್ಟಿಗೆ ಓಡಿದಳು.

ಸಂಜೆ ಮಹಡಿಯ ಹಾಲಿನಲ್ಲಿ ಸಭೆ.
'ನಮ್ಮ ಊರು, ನಮ್ಮ ತೀರ್ಮಾನ.
ಬೆಂಗಳೂರಿನ ಪೆನ್ಸಿಲ್ಲು ಇಲ್ಲಿ ಬೇಡ.'
ಚಪ್ಪಾಳೆ. ನನ್ನ ಕೈಯೂ ಎದ್ದಿತ್ತು, ಅರ್ಧಕ್ಕೆ.
ಕನ್ನಡದಲ್ಲಿ ನಮ್ಮ ಅಂದರೆ ಒಂದೇ.
ಇವರೆಲ್ಲ ಮನೆಯಲ್ಲಾಡುವ ತೆಲುಗಿನಲ್ಲಿ ಎರಡು:
ಕೇಳುವವರೂ ಸೇರಿದರೆ ಮನ,
ಕೇಳುವವರನ್ನು ಬಿಟ್ಟರೆ ಮಾ.
ಯಾವುದರಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಿದರೋ.

ಮೂವತ್ತನೇ ದಿನ ಬೀಗ ಹಾಕುವ ಮುಂಚೆ ಬರೆದೆ:
ಕ್ರಮ ಸಂಖ್ಯೆ ಅರವತ್ತನಾಲ್ಕು. ರುಕಿಯಾ ತಾಜ್.
ಖಾತೆ ಸಂಖ್ಯೆ, ಅಡ್ಡಗೆರೆ.
ಆಕ್ಷೇಪಣೆಯ ವಿವರ: ಇರುವ ಜಾಗ ಸಾಲದು.
ಷರಾ: ಖುದ್ದು ಹಾಜರಿದ್ದರು.

ಮೇಷ್ಟ್ರು ರಶೀದಿಗೆ ಬಂದವರು
ರಿಜಿಸ್ಟರನ್ನು ತಮ್ಮತ್ತ ತಿರುಗಿಸಿಕೊಂಡು ಓದಿದರು.
ಅರವತ್ತನಾಲ್ಕರ ಮೇಲೆ ಬೆರಳು ಒಂದಷ್ಟು ಹೊತ್ತು ನಿಂತಿತು.
ಏನೂ ಹೇಳಲಿಲ್ಲ.
ನನ್ನ ಪೆನ್ಸಿಲ್ ಕೇಳಿ ಇಸಕೊಂಡು, ನಕ್ಷೆಯ ಹತ್ತಿರ ಹೋಗಿ,
ಕಿತ್ತಳೆಯ ನಡುವೆ
ಕಾಲುವೆ ಹೇಗೆ ಹರಿಯುತ್ತದೋ ಹಾಗೆ
ಒಂದು ವಂಕಿ ಗೆರೆ ಎಳೆದರು.
ಅದರ ಎರಡೂ ದಡದ ಕಿತ್ತಳೆಯನ್ನು ಮುಟ್ಟಲಿಲ್ಲ.

ಅಳಿಸು ಎಂದು ಇನ್ನೂ ಯಾರೂ ಹೇಳಿಲ್ಲ.